ಲೆಕ್ಕದ ಪುಸ್ತಕ ತನ್ನಿ, ಮಾರ್ಕ್ಸ್ ಕಾರ್ಡ್ ಬೇಡ

2025ರ ಮೇ 2ರಂದು ಎಸೆಸೆಲ್ಸಿ ಫಲಿತಾಂಶ ಬಂತು. ರಾಜ್ಯದಲ್ಲಿ ಪಾಸಾದವರು ಶೇ. 66.14. ನಮ್ಮ ಊರ ಕಡೆಯ ದಕ್ಷಿಣ ಕನ್ನಡ ಶೇ. 91.12 ಪಡೆದು ಮೊದಲ ಸ್ಥಾನಕ್ಕೆ ಬಂತು. ಊರಿನ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ದಿನವಿಡೀ ಮಕ್ಕಳ ಫೋಟೋ, ಸಿಹಿ ಹಂಚುವ ಫೋಟೋ. ಮರುದಿನ ಬೆಳಗ್ಗೆ ಇಲ್ಲಿ ತುಮಕೂರಿನಲ್ಲಿ ನಾವು ಮದ್ರಸ ಬಿಟ್ಟು ಗೇಟು ಹಾಕುತ್ತಿದ್ದಾಗ ಒಬ್ಬರು ಉಮ್ಮ ಗೋಡೆ ಬದಿಯಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ.

"ಉಸ್ತಾದ್, ಎಲ್ಲಾ ಸಬ್ಜೆಕ್ಟ್ ಆಗಿದೆ. ಲೆಕ್ಕ ಒಂದು ಹೋಯ್ತು. ಅವನ ಬಾಪ ಇನ್ನು ಸ್ಕೂಲು ಸಾಕು, ಬೇಕರಿಯಲ್ಲಿ ಕೂತ್ಕೊಳ್ಲಿ ಅಂತಿದ್ದಾರೆ. ನೀವೊಂದು ಮಾತು ಹೇಳಿ."

ಅಸರ್ ಆದ ಮೇಲೆ ನಾವು ಬೇಕರಿಗೆ ಹೋದೆವು. ಹುಡುಗನ ಬಾಪ ಒಳ್ಳೆಯ ಮನುಷ್ಯ. ಬಂಟ್ವಾಳ ಕಡೆಯಿಂದ ಹದಿನೈದು ವರ್ಷದ ಹಿಂದೆ ಬರಿಗೈಯಲ್ಲಿ ಬಂದವರು. ಚಾ ಕೊಟ್ಟು ಕೂರಿಸಿ ಹೇಳಿದರು, "ಪರೀಕ್ಷೆ-2 ಉಂಟು, ಪರೀಕ್ಷೆ-3 ಉಂಟು ಅಂತ ನನಗೂ ಗೊತ್ತು ಉಸ್ತಾದ್. ಆದರೆ ಈ ಎಕ್ಸ್, ವೈ ನಮಗೆ ಯಾಕೆ? ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯೂ ನನ್ನ ಹತ್ತಿರ ಎಕ್ಸ್ ಕೇಳಿಲ್ಲ."

ನಮಗೆ ಉತ್ತರ ಹೊಳೆಯಲಿಲ್ಲ. ಹೊಳೆಯದ್ದಕ್ಕೆ ಕಾರಣವೂ ಇದೆ. ನಾವು ಪಿಯುಸಿಯಲ್ಲಿ ಕಲಾ ವಿಭಾಗ ತೆಗೆದುಕೊಂಡದ್ದು ಇತಿಹಾಸದ ಮೇಲಿನ ಪ್ರೀತಿಯಿಂದಲ್ಲ, ಬೀಜಗಣಿತದ ಹೆದರಿಕೆಯಿಂದ. ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು ಬೋರ್ಡಿನ ಮೇಲೆ ಅಕ್ಷರ ಬರೆದ ದಿನದಿಂದ ಅವರು ಹೇಳಿದ್ದು ನಮಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಅಂತ ಹೇಳುವ ಧೈರ್ಯವೂ ಇರಲಿಲ್ಲ. ಮುವತ್ತೈದು ಮಾರ್ಕಿಗೆ ಬಾಯಿಪಾಠ ಮಾಡಿ ದಾಟಿದೆವು, ಅಷ್ಟೇ. ಆದ್ದರಿಂದ ಈ ಲೇಖನ ಗಣಿತ ಬಲ್ಲವರು ಬರೆದದ್ದಲ್ಲ ಎಂದು ಮೊದಲೇ ಹೇಳಿಬಿಡುತ್ತೇವೆ.

ಅದೇ ಹೊತ್ತಿಗೆ ಒಬ್ಬ ಗಿರಾಕಿ ಬಂದರು. ಹುಡುಗ ಕೌಂಟರಿನಲ್ಲಿದ್ದ. ಎರಡು ಬ್ರೆಡ್ಡು, ಕಾಲು ಕೆ.ಜಿ. ಖಾರ, ಆರು ಪಫ್ಸ್. ಕ್ಯಾಲ್ಕುಲೇಟರ್ ಮುಟ್ಟದೆ ಮೊತ್ತ ಹೇಳಿ, ಐನೂರರ ನೋಟಿಗೆ ಚಿಲ್ಲರೆ ಎಣಿಸಿ ಕೊಟ್ಟ. ನಾವು ಸುಮ್ಮನೆ ಕೇಳಿದೆವು, "ಮೋನೆ, ಮೂರು ಪರೋಟ, ಒಂದು ಚಾ. ಬಿಲ್ಲು 60. ಚಾಕ್ಕೆ 15. ಪರೋಟ ಒಂದಕ್ಕೆ ಎಷ್ಟು?" ಬಾಯಿ ಮುಚ್ಚುವ ಮೊದಲು "15" ಅಂದ. ಬಿಸ್ಕತ್ ಡಬ್ಬಿಯ ಪಕ್ಕದಲ್ಲಿದ್ದ ಕಾಗದ ಎಳೆದು 3 ಎಕ್ಸ್ + 15 = 60 ಅಂತ ಬರೆದು ಕೊಟ್ಟೆವು. ಪೆನ್ನು ಹಿಡಿದು ಸ್ವಲ್ಪ ಹೊತ್ತು ನೋಡಿ 18 ಎಕ್ಸ್ = 60 ಅಂತ ಬರೆದ. ಆಮೇಲೆ ಕಾಗದ ಮಡಚಿ ಕಸದ ಡಬ್ಬಿಗೆ ಹಾಕಿ ಬೇರೆ ಕಡೆ ನೋಡಿದ.

ಎರಡೂ ಒಂದೇ ಲೆಕ್ಕ. ಬಾಯಲ್ಲಿ ಕೇಳಿದರೆ ಒಂದು ಕ್ಷಣದಲ್ಲಿ ಬರುತ್ತದೆ, ಕಾಗದದಲ್ಲಿ ಕೇಳಿದರೆ ಅವನು ಫೇಲು. ಇದು ನಮ್ಮ ಹುಡುಗನ ದಡ್ಡತನ ಅಂದುಕೊಳ್ಳಬೇಡಿ. ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಜೊತೆಗಾರರು ಕೋಲ್ಕತಾ ಮತ್ತು ದಿಲ್ಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ 1,436 ಮಕ್ಕಳನ್ನು ಪರೀಕ್ಷಿಸಿ 2025ರ ಫೆಬ್ರವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದಾರೆ. ತರಕಾರಿ, ಬೆಲೆ, ಚಿಲ್ಲರೆ ಎಲ್ಲವನ್ನೂ ತಲೆಯಲ್ಲೇ ಲೆಕ್ಕ ಹಾಕುವ ಮಕ್ಕಳು ಅದೇ ಲೆಕ್ಕವನ್ನು ಶಾಲೆಯ ಶೈಲಿಯಲ್ಲಿ ಕೊಟ್ಟಾಗ ಎಡವಿದರು. ಅಂಗಡಿಯಲ್ಲಿ ಕೂರದ ಶಾಲಾ ಮಕ್ಕಳದ್ದು ಉಲ್ಟಾ: ಕಾಗದದ ಮೇಲೆ ಪರವಾಗಿಲ್ಲ, ಮಾರುಕಟ್ಟೆಯ ಲೆಕ್ಕ ಬಾರದು. ಅಂಗಡಿಯಿಂದ ಪುಸ್ತಕಕ್ಕೆ ಸೇತುವೆ ತಾನಾಗಿ ಕಟ್ಟಿಕೊಳ್ಳುವುದಿಲ್ಲ, ಯಾರಾದರೂ ಕಟ್ಟಿಕೊಡಬೇಕು. ನಮ್ಮ ಮನೆಗಳಲ್ಲಿ ಅರ್ಧಕ್ಕರ್ಧ ಮಕ್ಕಳು ಸಂಜೆ ಅಂಗಡಿಯಲ್ಲೋ ಹೋಟೆಲಿನಲ್ಲೋ ಬೆಳೆಯುವವರು. ಈ ಮಾತು ನಮ್ಮನ್ನೇ ನೋಡಿ ಬರೆದ ಹಾಗಿದೆ.

ತೊಂದರೆ ಹತ್ತನೇ ತರಗತಿಯಲ್ಲಿ ಶುರುವಾಗುವುದಲ್ಲ. ಎರಡು ಚರಾಕ್ಷರದ ಸಮೀಕರಣ, ಬಹುಪದೋಕ್ತಿ, ವರ್ಗ ಸಮೀಕರಣ, ಸಮಾಂತರ ಶ್ರೇಢಿ ಅಂತ ಹತ್ತನೆಯ ಪುಸ್ತಕದ ಬಹುಪಾಲು ಬೀಜಗಣಿತದ ಮೇಲೆ ನಿಂತಿದೆ ನಿಜ. ಆದರೆ ಅದರ ಬೇರು ನಾಲ್ಕು, ಐದನೆಯಲ್ಲಿದೆ: ಭಿನ್ನರಾಶಿ, ಋಣ ಸಂಖ್ಯೆ, ಮತ್ತು ‘=’ ಎಂಬ ಆ ಎರಡು ಗೆರೆ.

ಆ ಎರಡು ಗೆರೆಯ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮಗೇ ಅದು ಈ ವಯಸ್ಸಿನಲ್ಲಿ ಗೊತ್ತಾಯಿತು. 8 + 4 = □ + 5. ಖಾಲಿ ಡಬ್ಬಿಯಲ್ಲಿ ಏನು ಬರಬೇಕು? ಅಮೆರಿಕದಲ್ಲಿ 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 6ನೇ ತರಗತಿಯ 145 ಮಕ್ಕಳಿಗೆ ಇದನ್ನು ಕೇಳಿದರು. ಒಬ್ಬ ಮಗುವೂ ಸರಿ ಹೇಳಲಿಲ್ಲ! ಎಲ್ಲರೂ 12 ಅಥವಾ 17 ಅಂದರು. ಓದಿ ನಮಗೆ ನಂಬಿಕೆ ಬರಲಿಲ್ಲ. ಮರುದಿನ ನಮ್ಮ ಮದ್ರಸದ ಬೋರ್ಡಿನ ಮೇಲೆ ಬರೆದೆವು. ಹೆಚ್ಚಿನವರು 12 ಅಂದರು. ಒಬ್ಬಳು ಎಲ್ಲವನ್ನೂ ಕೂಡಿಸಿ 17 ಅಂದಳು. ತುಂಬ ಹೊತ್ತಿನ ಮೇಲೆ ಹಿಂದಿನ ಬೆಂಚಿನ ಒಬ್ಬ ಮೆಲ್ಲಗೆ "7 ಅಲ್ವಾ ಉಸ್ತಾದ್?" ಅಂದ. ಅವನ ಬಾಪನದ್ದು ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ತರಕಾರಿ ವ್ಯಾಪಾರ. ಹೇಗೆ ಗೊತ್ತಾಯ್ತು ಅಂತ ಕೇಳಿದರೆ, "ತಕ್ಕಡಿ ಎರಡು ಬದಿ ಒಂದೇ ಆಗಬೇಕಲ್ಲ" ಅಂದ.

ಅಷ್ಟೇ ವಿಷಯ. ಮಕ್ಕಳಿಗೆ ‘=’ ಅಂದರೆ "ಇಲ್ಲಿ ಉತ್ತರ ಬರೆ" ಅಂತ. ಒಂದನೇ ತರಗತಿಯಿಂದ ಹಾಗೇ ರೂಢಿಯಾಗಿದೆ. ತಕ್ಕಡಿ ಅಂತ ಯಾರೂ ಹೇಳಿಕೊಟ್ಟಿಲ್ಲ. ತಕ್ಕಡಿ ಅಂತ ಗೊತ್ತಿಲ್ಲದವನಿಗೆ "ಎರಡೂ ಬದಿಯಿಂದ 15 ಕಳೆ" ಎಂದರೆ ಅದು ಮಂತ್ರದ ಹಾಗೆ ಕೇಳುತ್ತದೆ. ಯಾಕೆ ಕಳೆಯಬೇಕು?

ಇಲ್ಲಿ ನಮ್ಮ ವಿದ್ಯೆಯ ಮಾತು ಬರುತ್ತದೆ, ಸ್ವಲ್ಪ ಸಹಿಸಿಕೊಳ್ಳಿ. ಸುಮಾರು 820ರ ಹೊತ್ತಿಗೆ ಬಗ್ದಾದಿನಲ್ಲಿ ಖಲೀಫ ಮಅ್ಮೂನರ ಕಾಲದಲ್ಲಿ ಅಲ್-ಖ್ವಾರಿಝ್ಮಿ ಬರೆದ ಪುಸ್ತಕದ ಹೆಸರಿನಲ್ಲಿ ‘ಅಲ್-ಜಬ್ರ್’, ‘ಅಲ್-ಮುಕಾಬಲ’ ಎಂಬ ಎರಡು ಪದಗಳಿವೆ. ಆಲ್‌ಜೀಬ್ರಾ ಎಂಬ ಹೆಸರು ಬಂದದ್ದು ಅಲ್ಲಿಂದ. ಜಬ್ರ್ ಅಂದರೆ ಮುರಿದದ್ದನ್ನು ಕೂಡಿಸುವುದು. ಎಲುಬು ಕಟ್ಟುವವನಿಗೂ ಅರಬಿಯಲ್ಲಿ ಇದೇ ಧಾತುವಿನ ಹೆಸರು. ಮುಕಾಬಲ ಅಂದರೆ ಎದುರುಬದುರು ಇಟ್ಟು ಸರಿತೂಗಿಸುವುದು. ನೋಡಿ, ಮತ್ತೆ ತಕ್ಕಡಿ ಬಂತು! ನಮ್ಮಲ್ಲಿ ಕೇರಿಗೊಬ್ಬ ಅಬ್ದುಲ್ ಜಬ್ಬಾರ್ ಇದ್ದಾರೆ, ಆದರೆ ಅದೇ ಧಾತು ಲೆಕ್ಕದ ಪುಸ್ತಕದಲ್ಲಿ ಕೂತಿರುವುದು ಜಬ್ಬಾರಿಗೆ ಗೊತ್ತಿಲ್ಲ. ಆ ಪುಸ್ತಕದ ದೊಡ್ಡದೊಂದು ಭಾಗ ವಸಿಯ್ಯತ್ ಮತ್ತು ಆಸ್ತಿ ಹಂಚಿಕೆಯ ಲೆಕ್ಕ. ಇದು ನಮ್ಮದು ಮಾತ್ರ ಅಂತ ಎದೆ ಉಬ್ಬಿಸಬೇಕಾಗಿಲ್ಲ. ಹೆಚ್ಚುಕಡಿಮೆ ಅದೇ ಶತಮಾನದಲ್ಲಿ, 850ರ ಸುಮಾರಿಗೆ, ಇದೇ ಕನ್ನಡ ನಾಡಿನಲ್ಲಿ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದರು. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ. ನಮ್ಮ ಮಕ್ಕಳು ಈ ಎರಡು ಮನೆಗೂ ವಾರಸುದಾರರು.

ಹಿರಿಯ ಮಕ್ಕಳಿಗೆ ನಾವು ಫರಾಇಳ್ ಹೇಳಿಕೊಡುತ್ತೇವೆ. ಒಬ್ಬ ತೀರಿಹೋದ, ಪತ್ನಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಸಾಲ, ವಸಿಯ್ಯತ್ ಕಳೆದು 32 ಲಕ್ಷ ಉಳಿದಿದೆ. ಪತ್ನಿಗೆ ಎಂಟರಲ್ಲಿ ಒಂದು, 4 ಲಕ್ಷ. ಉಳಿದದ್ದು 28. ಮಗಳ ಪಾಲು ಒಂದು, ಮಗನದ್ದು ಎರಡು. ಒಟ್ಟು ನಾಲ್ಕು ಪಾಲು. ಮಗಳಿಗೆ 7, ಮಗನಿಗೆ 14. ಮಗಳ ಪಾಲಿಗೆ ‘ಎಕ್ಸ್’ ಅಂತ ಹೆಸರಿಟ್ಟರೆ ಇದು ಎಂಟನೇ ತರಗತಿಯ ಸಮೀಕರಣ: 2 ಎಕ್ಸ್ + ಎಕ್ಸ್ + ಎಕ್ಸ್ = 28. ಇಷ್ಟು ವರ್ಷ ಇದನ್ನು ಕಲಿಸುತ್ತಾ ಬಂದ ನಮಗೆ, ನಾವು ಹೆದರಿ ಓಡಿದ ಬೀಜಗಣಿತ ಇದೇ ಅಂತ ಹೊಳೆಯಲೇ ಇಲ್ಲ. ಶಾಲೆಯ ಮೇಷ್ಟ್ರಿಗೆ ನಾವು ಇದನ್ನು ಕಲಿಸುತ್ತೇವೆ ಅಂತ ಗೊತ್ತಿಲ್ಲ, ಅವರು ಏನು ಕಲಿಸುತ್ತಾರೆ ಅಂತ ನಮಗೆ ಗೊತ್ತಿಲ್ಲ. ಎರಡರ ನಡುವೆ ಓಡಾಡುವುದು ಮಗು ಒಂದೇ.

ಹಾಗಾದರೆ ಯಾರೂ ಏನೂ ಮಾಡಿಲ್ಲವೇ? ಮಾಡಿದ್ದಾರೆ. ಅಕ್ಷರ ಫೌಂಡೇಶನ್ ಸರಕಾರದ ಜೊತೆ ಸೇರಿ ‘ಗಣಿತ ಕಲಿಕಾ ಆಂದೋಲನ’ ನಡೆಸಿ ಸರಕಾರಿ ಶಾಲೆಗಳಿಗೆ ಗಣಿತದ ಪೆಟ್ಟಿಗೆ ಕೊಟ್ಟಿತು. ಮಣಿಚೌಕಟ್ಟು, ಭಿನ್ನರಾಶಿಯ ಪಟ್ಟಿಗಳು, ದಾಳಗಳು. ಮಗು ಕೈಯಲ್ಲಿ ಹಿಡಿದು ಕಲಿಯಲಿ ಅಂತ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗಣಿತ ಸ್ಪರ್ಧೆಗಳಾದವು, ಬಹುಮಾನಕ್ಕೆ ಊರವರೇ ಕೈಯಿಂದ ಹಾಕಿದರು. ಆಮೇಲೆ ಶಿಕ್ಷಣ ಇಲಾಖೆಯ ‘ಗಣಿತ ಗಣಕ’ ಬಂತು. 3ರಿಂದ 5ನೇ ತರಗತಿಯ ಮಕ್ಕಳ ಮನೆಗೆ ಶಾಲೆ ಬಿಟ್ಟ ಮೇಲೆ ಶಿಕ್ಷಕರೇ ಫೋನ್ ಮಾಡಿ, ಆ ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದನ್ನು ಹೇಳಿಕೊಡುವ ಕಾರ್ಯಕ್ರಮ ಇದು. ಇಂಥ ಯೋಚನೆ ಕೊರೊನಾ ಕಾಲದಲ್ಲಿ, 2020ರಲ್ಲಿ, ಆಫ್ರಿಕಾದ ಬೋಟ್ಸ್ವಾನಾದಲ್ಲಿ ಸುಮಾರು 4,500 ಮನೆಗಳಲ್ಲಿ ಪರೀಕ್ಷೆಗೆ ಬಂದಿತ್ತು. ಬರೀ ಮೆಸೇಜ್ ಕಳಿಸಿದ ಮನೆಯ ಮಕ್ಕಳಲ್ಲಿ ಹೆಚ್ಚೇನೂ ಬದಲಾವಣೆ ಇಲ್ಲ. ಜೊತೆಗೆ ವಾರಕ್ಕೊಮ್ಮೆ ಫೋನ್ ಮಾಡಿ ಮಾತಾಡಿಸಿದ ಮಕ್ಕಳು ಮುಂದೆ ಬಂದರು. ಆಮೇಲೆ ಭಾರತವೂ ಸೇರಿ ಐದು ದೇಶಗಳಲ್ಲಿ ನೋಡಿದರು.

ಒಳ್ಳೆಯ ಕೆಲಸ, ಒಪ್ಪಿದೆವು. ಆದರೆ ಇದು ನಮ್ಮ ಮನೆಗಳಿಗೆ ತಲುಪುವಾಗ ಎಲ್ಲಿ ಸಿಕ್ಕಿಕೊಳ್ಳುತ್ತದೆ ನೋಡಿ. ನಗರದಲ್ಲಿ ಗ್ರಾಮ ಪಂಚಾಯಿತಿ ಇಲ್ಲ. ನಮ್ಮ ಎಷ್ಟೋ ಮಕ್ಕಳು ಇರುವುದು ಕಡಿಮೆ ಫೀಸಿನ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಗಳಲ್ಲಿ, ಅಲ್ಲಿಗೆ ಆ ಪೆಟ್ಟಿಗೆಯೂ ಇಲ್ಲ, ಫೋನೂ ಇಲ್ಲ. ಸರಕಾರಿ ಶಾಲೆಯ ಮಗುವಿಗೆ ಫೋನ್ ಬಂದರೂ ಮೊಬೈಲ್ ಇರುವುದು ಬಾಪನ ಹತ್ತಿರ; ಸಂಜೆ ಹೊತ್ತಿಗೆ ಅದು ಹೋಟೆಲಿನ ಗಲ್ಲಾಪೆಟ್ಟಿಗೆ ಮೇಲೆ ಕೂತಿರುತ್ತದೆ. "ಸಾರ್, ಈಗ ರಶ್ ಇದೆ" ಅಂತ ಇಟ್ಟುಬಿಡುತ್ತಾರೆ. ಇನ್ನು ಭಾಷೆ. ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ಉರ್ದು, ಮದ್ರಸದಲ್ಲಿ ಅರಬಿ, ಊರಿನ ಶಾಲೆಯಲ್ಲಿ ನಾಲ್ಕನೆಯವರೆಗೆ ಕನ್ನಡ, ಇಲ್ಲಿಗೆ ಬಂದ ಮೇಲೆ ಇಂಗ್ಲಿಷ್. ‘ಚರಾಕ್ಷರ’ ಅರ್ಥವಾಗುವ ಮೊದಲೇ ಅದು ‘ವೇರಿಯೇಬಲ್’ ಆಗಿರುತ್ತದೆ. ಅಂಗಡಿ ಬದಲಾಯಿತೆಂದು ವರ್ಷದ ನಡುವೆ ಮಕ್ಕಳನ್ನು ತುಮಕೂರಿನಿಂದ ಗುಬ್ಬಿಗೆ, ಗುಬ್ಬಿಯಿಂದ ಕುಣಿಗಲ್‌ಗೆ ಎತ್ತಿ ಹಾಕುವವರೂ ನಮ್ಮಲ್ಲಿದ್ದಾರೆ. ಆ ಮಗು ತಪ್ಪಿಸಿಕೊಂಡ ಪಾಠ ಯಾವುದು ಅಂತ ಯಾರಿಗೂ ಲೆಕ್ಕವಿಲ್ಲ.

ಇದನ್ನೆಲ್ಲ ಬೆಂಗಳೂರಿನಲ್ಲಿ ಕೂತ ವಿದ್ವಾಂಸರು ತಾವಾಗಿ ತಿಳಿಯಲಾರರು. ತಿಳಿದವರು ನಾವು, ನಮಗೆ ಗಣಿತ ಗೊತ್ತಿಲ್ಲ. ಎರಡೂ ಕಡೆಯವರು ಒಂದು ಚಾಪೆ ಮೇಲೆ ಕೂರಬೇಕು ಎನ್ನುವುದೇ ನಾವು ಹೇಳಹೊರಟ ಮಾತು.

ಹೀಗೆ ಕೂತವರೊಬ್ಬರು ಇದ್ದರು. ಅಮೆರಿಕದ ಬಾಬ್ ಮೋಸೆಸ್ ಎಂಬ ಕಪ್ಪು ಜನಾಂಗದ ಗಣಿತ ಶಿಕ್ಷಕ. 1960ರ ದಶಕದಲ್ಲಿ ಮಿಸಿಸಿಪ್ಪಿಯಲ್ಲಿ ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸಲು ಹೊಡೆತ ತಿಂದು ಜೈಲಿಗೆ ಹೋದವರು. 1982ರಲ್ಲಿ ತಮ್ಮ ಮಗಳಿಗೆ ಶಾಲೆಯಲ್ಲಿ ಆಲ್‌ಜೀಬ್ರಾ ಕಲಿಸುವ ವ್ಯವಸ್ಥೆ ಇಲ್ಲವೆಂದು ತಾವೇ ಕಲಿಸಲು ಹೊರಟು, ಆಮೇಲೆ ಅದನ್ನೇ ‘ಆಲ್‌ಜೀಬ್ರಾ ಪ್ರಾಜೆಕ್ಟ್’ ಎಂಬ ಚಳವಳಿ ಮಾಡಿದರು. 2021ರಲ್ಲಿ ತೀರಿಕೊಂಡರು. ಮತ ಇಲ್ಲದವನಿಗೆ ಹಿಂದೆ ಹೇಗೋ, ಬೀಜಗಣಿತ ಬಾರದವನಿಗೆ ಮುಂದೆ ಹಾಗೆ, ಬಾಗಿಲು ಮುಚ್ಚಿರುತ್ತದೆ ಎನ್ನುವುದು ಅವರ ವಾದ. ಬೇಕರಿಯ ಬಾಪನಿಗೆ ನಾವು ಅಂದು ಕೊಡಬೇಕಿದ್ದ ಉತ್ತರ ಇದೇ ಇರಬೇಕು. ಗಿರಾಕಿ ಎಕ್ಸ್ ಕೇಳುವುದಿಲ್ಲ. ಆದರೆ ಐಟಿಐ, ಡಿಪ್ಲೊಮಾ, ಪಿಯು ಸಯನ್ಸ್ ಎಲ್ಲದರ ಬಾಗಿಲಲ್ಲೂ ಅದನ್ನೇ ಕೇಳುತ್ತಾರೆ. ಬಾಗಿಲ ಒಳಗೆ ಹೋಗಿ ಬೇಡ ಅಂತ ಬೇಕರಿಗೆ ಬಂದರೆ ಅದು ಹುಡುಗನ ಆಯ್ಕೆ. ಬಾಗಿಲೇ ತೆರೆಯದೆ ಬಂದರೆ ಅಲ್ಲ.

ಮೋಸೆಸ್ ಮಕ್ಕಳನ್ನು ಬೋಸ್ಟನ್ನಿನ ಸುರಂಗ ರೈಲಿನಲ್ಲಿ ಕೂರಿಸಿಕೊಂಡು ಹೋಗಿ ಋಣ ಸಂಖ್ಯೆ ಕಲಿಸಿದರಂತೆ. ನಮಗೂ ರೈಲು ಇದೆಯಲ್ಲ! ತುಮಕೂರು ಸ್ಟೇಷನ್ ಸೊನ್ನೆ ಅಂದುಕೊಳ್ಳಿ. ಗುಬ್ಬಿ, ನಿಟ್ಟೂರು ಒಂದು ಬದಿ, ಅದು ಪ್ಲಸ್. ಕ್ಯಾತ್ಸಂದ್ರ, ಹಿರೇಹಳ್ಳಿ ಇನ್ನೊಂದು ಬದಿ, ಮೈನಸ್. ಹಿರೇಹಳ್ಳಿಯಿಂದ ಗುಬ್ಬಿಗೆ ಹೋಗಬೇಕಾದರೆ ಸೊನ್ನೆ ದಾಟಲೇಬೇಕು. ಸೊನ್ನೆಗಿಂತ ಕಡಿಮೆ ಏನಿರುತ್ತದೆ ಎಂದು ತಲೆ ಕೆರೆಯುವ ಮಗುವಿಗೆ ಇಷ್ಟು ಸಾಕು. (ಕುಣಿಗಲ್‌ನವರು ಬೇಜಾರಾಗಬೇಡಿ, ನಿಮ್ಮದು ಬೇರೆ ಲೈನು. ದೊಡ್ಡಕೆರೆಯ ನೀರು ಏರುವುದು, ಇಳಿಯುವುದು ಇಟ್ಟುಕೊಂಡರೆ ಇನ್ನೂ ಚೆನ್ನ.)

ನಮ್ಮ ಯೋಚನೆ ದೊಡ್ಡದಲ್ಲ. ಶಿಕ್ಷಕರ ತರಬೇತಿಯಲ್ಲಿ ‘ಕ್ರಿಯಾ ಸಂಶೋಧನೆ’ ಎಂಬುದಿದೆ: ತನ್ನ ತರಗತಿಯ ಒಂದು ತೊಂದರೆ ಹಿಡಿದು, ಒಂದು ಉಪಾಯ ಮಾಡಿ, ಫಲ ನೋಡಿ ಬರೆದಿಡುವುದು. ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಒಂದೇ ಶೈಕ್ಷಣಿಕ ಜಿಲ್ಲೆಯೊಳಗೆ ಬರುತ್ತವೆ. ಡಯಟ್ ಇದೆ, ವಿಶ್ವವಿದ್ಯಾನಿಲಯ ಇದೆ, ತರಬೇತಿ ಪಡೆಯುವ ಹುಡುಗ ಹುಡುಗಿಯರಿದ್ದಾರೆ. ಅವರಿಗೆ ಕಲಿಯಲು ಮಕ್ಕಳು ಬೇಕು, ನಮ್ಮ ಮಕ್ಕಳಿಗೆ ಕಲಿಸುವವರು ಬೇಕು. ಮೂರು ಕಡೆಯ ಜಮಾಅತಿನವರು, ಆಯಾ ಶಾಲೆಯ ಗಣಿತ ಶಿಕ್ಷಕರು, ಉಮ್ಮಂದಿರು ಸೇರಿ 5ರಿಂದ 8ನೇ ತರಗತಿಯ ಮಕ್ಕಳ ತಪ್ಪು ಉತ್ತರಗಳನ್ನು ಒಟ್ಟು ಮಾಡುವುದು ಮೊದಲ ಕೆಲಸ. ಮಾರ್ಕು ಬೇಡ. ನೂರಕ್ಕೆ ಇಪ್ಪತ್ತು ಅಂದರೆ ಮಗು ಸೋತಿತು ಅಂತ ಮಾತ್ರ ಗೊತ್ತಾಗುತ್ತದೆ. 18 ಎಕ್ಸ್ = 60 ಅಂತ ಬರೆದ ಕಾಗದ ಇದ್ದರೆ ಎಲ್ಲಿ ಸೋತಿತು ಅಂತ ಗೊತ್ತಾಗುತ್ತದೆ. ಅವನು ಎಸೆದ ಆ ಕಾಗದವನ್ನು ನಾವು ಕಸದ ಡಬ್ಬಿಯಿಂದ ತೆಗೆದುಕೊಂಡು ಬಂದೆವು, ಇನ್ನೂ ಇದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಮಕ್ಕಳ ಹೆಸರು ಹೊರಗೆ ಹೋಗಬಾರದು. "ಬ್ಯಾರಿ ಮಕ್ಕಳಿಗೆ ಲೆಕ್ಕ ಬರಲ್ಲ" ಅಂತ ಒಂದು ವರದಿಯಾಗಿ ಮುಗಿಯುವುದಾದರೆ ಈ ಕೆಲಸವೇ ಬೇಡ. ಹೊರಗಿನವರು ಬಂದು ಪರೀಕ್ಷೆ ಮಾಡಿ, ಪುಸ್ತಕ ಬರೆದು ಹೋಗುವುದು ಬೇರೆ, ಕೂತು ಒಟ್ಟಿಗೆ ಹುಡುಕುವುದು ಬೇರೆ. ಏನು ಸಿಕ್ಕಿತೋ ಅದನ್ನು ಮೊದಲು ಉಮ್ಮಂದಿರಿಗೆ ಅವರ ಭಾಷೆಯಲ್ಲಿ ಹೇಳಬೇಕು.

ನಮ್ಮ ಕಡೆಯ ತಪ್ಪೂ ಬರೆಯಬೇಕಲ್ಲ. ಹೈಸ್ಕೂಲುಗಳಲ್ಲಿ ಹತ್ತನೆಯವರಿಗೆ ಬೆಳಗ್ಗೆ ವಿಶೇಷ ತರಗತಿ ಇಡುತ್ತಾರೆ, ಬಹಳ ಸಲ ಗಣಿತದ್ದೇ. ಅದೇ ಹೊತ್ತಿಗೆ ನಮ್ಮ ಮದ್ರಸ. ಮಗು ಅಲ್ಲಿಗೆ ಹೋದರೆ ನಾವು ಬೈಯುತ್ತೇವೆ, ಇಲ್ಲಿಗೆ ಬಂದರೆ ಮೇಷ್ಟ್ರು ಬೈಯುತ್ತಾರೆ. ಇಷ್ಟು ವರ್ಷ ನಾವು ಇದನ್ನು ಮಗುವಿನ ಈಮಾನಿನ ಪ್ರಶ್ನೆ ಮಾಡಿ ಕೂತಿದ್ದೆವು. ಅದು ಟೈಮ್ ಟೇಬಲಿನ ಪ್ರಶ್ನೆ. ಹತ್ತನೆಯವರಿಗೆ ಮಗ್ರಿಬ್ ನಂತರ ಪಾಠ ಇಡೋಣ ಅಂತ ನಾವು ಕಮಿಟಿಗೆ ಹೇಳಿದ್ದೇವೆ. ಕೆಲವರ ಮುಖ ಸಣ್ಣದಾಯಿತು. ಆಗಲಿ.

ಹೆಣ್ಣುಮಕ್ಕಳ ವಿಷಯ ಬೇರೆಯೇ. ನಮ್ಮ ತರಗತಿಯಲ್ಲಿ ಫರಾಇಳ್ ಲೆಕ್ಕ ಬೇಗ ಹಿಡಿಯುವವರು ಅವರೇ. ಆದರೆ ಶಾಲೆಯಲ್ಲಿ ಒಂದು ಪಾಠ ತಪ್ಪಿದರೆ ಟ್ಯೂಷನ್ನಿಗೆ ಕಳಿಸುವುದು ಮಗನನ್ನು. ಮಗಳಿಗೆ "ಸಂಜೆ ಹೊತ್ತು ಅಷ್ಟು ದೂರ ಯಾಕೆ" ಅನ್ನುತ್ತೇವೆ. ಹಾಗಾದರೆ ಹತ್ತಿರ ಕಲಿಸುವ ವ್ಯವಸ್ಥೆ ಮಾಡೋಣ. ಮದ್ರಸದ ಕೋಣೆ ಸಂಜೆ ಖಾಲಿ ಇರುತ್ತದೆ, ಫ್ಯಾನು ಲೈಟು ಇದೆ. ಡಯಟಿನ ತರಬೇತಿಯವರಲ್ಲಿ ಹೆಣ್ಣುಮಕ್ಕಳು ಬೇಕಾದಷ್ಟು ಇದ್ದಾರೆ.

ಪ್ರತಿ ವರ್ಷ ನಾವು ಶೇ. 90 ದಾಟಿದವರಿಗೆ ಶಾಲು, ಮೆಮೆಂಟೊ ಕೊಡುತ್ತೇವೆ, ಫೋಟೋ ತೆಗೆದು ಇದೇ ಪುಟಕ್ಕೆ ಕಳಿಸುತ್ತೇವೆ. ನಾವೂ ಆ ಫೋಟೋಗಳಲ್ಲಿ ಹಿಂದೆ ನಿಂತಿದ್ದೇವೆ. ಲೆಕ್ಕದಲ್ಲಿ ಹೋದ ಮಗುವಿನ ಮನೆಗೆ ಮಾತ್ರ ಯಾವ ಕಮಿಟಿಯೂ ಹೋಗಿಲ್ಲ. ಒಂದು ಸನ್ಮಾನ ಸಭೆಯ ಶಾಮಿಯಾನ, ಊಟದ ಖರ್ಚಿನಲ್ಲಿ ಗಣಿತದ ಸಾಮಾನು ಒಂದು ಪೆಟ್ಟಿಗೆ ಬಂದೀತು.

ಈಗಿನ ಸ್ಥಿತಿ ಹೇಳಿ ಮುಗಿಸುತ್ತೇವೆ. ತುಮಕೂರಿನಲ್ಲಿ ಒಬ್ಬರು ನಿವೃತ್ತ ಗಣಿತ ಮೇಷ್ಟ್ರು, ಲಿಂಗಾಯತರು, ವಾರಕ್ಕೆರಡು ಸಂಜೆ ಬಂದು ಕೂರುತ್ತೇನೆ ಅಂದಿದ್ದಾರೆ. ದುಡ್ಡು ಬೇಡ, ಚಾ ಸಾಕಂತೆ. ಗುಬ್ಬಿಯಿಂದ ಇಬ್ಬರು ಬಾಪಂದಿರು ಮಕ್ಕಳ ನೋಟುಪುಸ್ತಕ ಕಳಿಸಿದ್ದಾರೆ. ಕುಣಿಗಲ್‌ನಿಂದ ಇನ್ನೂ ಯಾರೂ ಇಲ್ಲ. ಬೇಕರಿಯ ಹುಡುಗ ಪರೀಕ್ಷೆ-2ಕ್ಕೆ ಕೂತ, ಪಾಸಾಗಲಿಲ್ಲ. ಪರೀಕ್ಷೆ-3ಕ್ಕೆ ಫೀಸು ಕಟ್ಟುವ ಕೊನೆಯ ದಿನ ಸಂಜೆ ಅವನ ಬಾಪ ನಮಗೆ ಫೋನ್ ಮಾಡಿ ಕೇಳಿದರು, "ಉಸ್ತಾದ್, ಆ ಪರೋಟದ ಲೆಕ್ಕ ಕಾಗದದಲ್ಲಿ ಬರೆಯುವುದು ಹೇಗೆ ಅಂತ ನನಗೂ ಸ್ವಲ್ಪ ಹೇಳಿಕೊಡ್ತೀರಾ?"